ಎಲ್ಲವೂ ಹೆಣೆದುಕೊಂಡಿದ್ದರೆ ತಪ್ಪು ಯಾರದು?

ಡರ್ಕ್ ಜೆಂಟ್ಲಿ ಎಂಬ ಖಾಸಗಿ ಪತ್ತೇದಾರನ ಕುರಿತು ಬಿಬಿಸಿ ಫೋರ್ ಮಾಡಿದ ಧಾರಾವಾಹಿಯ ಆಯಸ್ಸು ನಾಲ್ಕೇ ಕಂತು. 2010ರ ಡಿಸೆಂಬರಿನಲ್ಲಿ ಒಂದು, 2012ರಲ್ಲಿ ಮೂರು, ಅಲ್ಲಿಗೆ ಮುಗಿಯಿತು. ಸ್ಟೀಫನ್ ಮ್ಯಾಂಗನ್ ನಟಿಸಿದ ಈ ಪಾತ್ರ ಮೊದಲು ಬಂದದ್ದು ಡಗ್ಲಸ್ ಆಡಮ್ಸ್‌ನ 1987ರ ಕಾದಂಬರಿಯಲ್ಲಿ. ಬೆರಳಚ್ಚು, ಹೆಜ್ಜೆಗುರುತುಗಳಲ್ಲಿ ಡರ್ಕ್‌ಗೆ ಆಸಕ್ತಿಯಿಲ್ಲ. ಜಗತ್ತಿನಲ್ಲಿ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದೆ, ಯಾವ ಎಳೆ ಹಿಡಿದು ಹೊರಟರೂ ಉತ್ತರ ಸಿಗುತ್ತದೆ ಎಂಬುದು ಅವನ ನಂಬಿಕೆ.

ದರ್ಶನದಂತೆ ಕೇಳಿಸುವ ಈ ಮಾತು ಎಷ್ಟು ಅನುಕೂಲದ್ದು ಎಂಬುದು ಕಾದಂಬರಿಯಲ್ಲಿ ಬೇಗ ತಿಳಿಯುತ್ತದೆ. ಮಹಿಳೆಯೊಬ್ಬರ ಕಳೆದುಹೋದ ಬೆಕ್ಕನ್ನು ಹುಡುಕುವ ಲೆಕ್ಕದಲ್ಲಿ ಡರ್ಕ್ ಬಹಾಮಾಸ್ ಪ್ರವಾಸದ ಖರ್ಚನ್ನೂ ಸೇರಿಸುತ್ತಾನೆ. ಎಲ್ಲವೂ ಸಂಬಂಧಪಟ್ಟದ್ದೇ ಆದರೆ ಕಡಲತೀರ ಮಾತ್ರ ಯಾಕೆ ಹೊರಗುಳಿಯಬೇಕು?

ನಗುತ್ತಾ ಓದುತ್ತಿದ್ದವಳಿಗೆ ನನ್ನದೇ ಒಂದು ಲೆಕ್ಕ ನೆನಪಾಯಿತು. ಹಾಸ್ಟೆಲಿನ ಕಿರಿಯ ಸಂಶೋಧಕನೊಬ್ಬ "ಅಕ್ಕಾ, ಒಂದ್ಸಲ ಓದಿ ಹೇಳಿ" ಎಂದು ತನ್ನ ಅಧ್ಯಾಯ ಕಳಿಸಿದ್ದ. "ನಾಳೆ ನೋಡ್ತೀನಿ" ಎಂದೆ. ತಿಂಗಳಾದರೂ ನೋಡಲಿಲ್ಲ. ಅವನು ಪಿಎಚ್‌ಡಿ ಬಿಟ್ಟು ಊರಿಗೆ ಹೋದ. ಕೇಳಿದವರಿಗೆಲ್ಲ ನಾನು ಕಾರಣ ವಿವರಿಸಿದೆ: ತಡವಾಗಿ ಬರುವ ಫೆಲೋಶಿಪ್, ಕೈಗೆ ಸಿಗದ ಮಾರ್ಗದರ್ಶಕರು, ಮನೆಯ ಸಾಲ, ಓದಿದವರಿಲ್ಲದ ಮನೆಯಿಂದ ಬಂದವರನ್ನು ದಣಿಸುವ ವ್ಯವಸ್ಥೆ. ಒಂದೂ ಸುಳ್ಳಲ್ಲ. ಆದರೆ ಆ ಪಟ್ಟಿಯಲ್ಲಿ ನನ್ನ "ನಾಳೆ" ಇರಲಿಲ್ಲ.

ಆಡಮ್ಸ್ 1988ರಲ್ಲಿ ಬರೆದ ಎರಡನೆಯ ಡರ್ಕ್ ಕಾದಂಬರಿಯಲ್ಲಿ ಒಬ್ಬಾತ, ತನ್ನ ಜೀವಕ್ಕೆ ಅಪಾಯವಿದೆ ಎಂದು ಅವನ ನೆರವು ಕೇಳುತ್ತಾನೆ. ಡರ್ಕ್‌ಗೆ ನಂಬಿಕೆಯಿಲ್ಲ, ಹಣಕ್ಕಾಗಿ ಒಪ್ಪುತ್ತಾನೆ. ಹೋಗಬೇಕಿದ್ದ ಬೆಳಿಗ್ಗೆ ನಿದ್ದೆಹೋಗಿ, ಗಂಟೆಗಟ್ಟಲೆ ತಡವಾಗಿ ತಲುಪಿದಾಗ ಆತ ಸತ್ತಿರುತ್ತಾನೆ. ಕೊಂದವನು ಡರ್ಕ್ ಅಲ್ಲ. ಕಾರಣಗಳ ಜಾಲ ಅವನಿಗಿಂತ ಬಹಳ ದೊಡ್ಡದು. ಆದರೂ ಬರುತ್ತೇನೆಂದು ಹೇಳಿದ್ದವನು ಅವನೇ.

ಕಾರಣ ಬೇರೆ, ಹೊಣೆ ಬೇರೆ ಎಂದು ನನಗೆ ಹೊಳೆದದ್ದು ಇಲ್ಲಿ. ಕಾರಣವನ್ನು ಎಷ್ಟು ಜನರಿಗೆ ಬೇಕಾದರೂ ಹಂಚಬಹುದು. ಹಂಚಿದಷ್ಟೂ ಅದು ತೆಳುವಾಗುತ್ತದೆ. ಕೊಟ್ಟ ಮಾತನ್ನು ಹಾಗೆ ಹಂಚಲು ಬರುವುದಿಲ್ಲ. ನಾನು ಓದಿದ್ದರೆ ಅವನು ಉಳಿಯುತ್ತಿದ್ದನೇ? ಬಹುಶಃ ಇಲ್ಲ. ಆದರೆ ಉಳಿಸು ಎಂದು ಅವನು ನನ್ನನ್ನು ಕೇಳಿರಲಿಲ್ಲ. ಓದಿ ಎಂದಷ್ಟೇ ಕೇಳಿದ್ದ. ವ್ಯವಸ್ಥೆಯನ್ನು ಬೈಯುವುದು ಬೇಡವೆಂದಲ್ಲ, ಬೈಯಲೇಬೇಕು. ಆ ಬೈಗುಳದ ಮರೆಯಲ್ಲಿ ನಾನು ನಿಂತುಕೊಳ್ಳಬಾರದು, ಅಷ್ಟೆ.

ಮೊನ್ನೆ ಆ ಅಧ್ಯಾಯ ಓದಿದೆ. ಚೆನ್ನಾಗಿದೆ. ಫೋನ್ ಮಾಡಿ ಹೇಳಬೇಕು, ಯಾಕೆ ತಡವಾಯಿತೆಂದೂ.