ಹಂಚಿ ಉಣ್ಣುವ ಪಾಠ

ಅನ್ನವನ್ನು ಹಂಚಿಕೊಂಡು ಉಣ್ಣಬೇಕೆಂಬುದು ಯಾರೂ ಅಲ್ಲಗಳೆಯದ ಮಾತು. ದಾಸೋಹವನ್ನು ಬದುಕಿನ ನಡುಮನೆಯಲ್ಲಿರಿಸಿಕೊಂಡ ಸಮಾಜಕ್ಕಂತೂ ಅದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಸರ್ವರೂ ಒಪ್ಪಿದ ಈ ತತ್ತ್ವವನ್ನು ನಾಲ್ಕು ವರ್ಷದ ಕೂಸಿಗೆ ಕಲಿಸುವ ಬಗೆ ಯಾವುದು ಎಂಬ ಪ್ರಶ್ನೆ ಎದುರಾದಾಗ ಬಲ್ಲವರೂ ತಡವರಿಸುತ್ತಾರೆ. ನಾವೂ ತಡವರಿಸಿದ್ದೇವೆ, ಒಮ್ಮೆ ತಪ್ಪಿಯೂ ಇದ್ದೇವೆ.

ಕೆಲವು ವರ್ಷಗಳ ಹಿಂದೆ ಭಕ್ತರೊಬ್ಬರ ಮನೆಗೆ ಬಿನ್ನಹಕ್ಕೆ ಹೋಗಿದ್ದೆವು. ಆ ಮನೆಯ ಮಗು ಎರಡು ಶೇಂಗಾ ಹೋಳಿಗೆ ಹಿಡಿದು ಜಗಲಿಯ ಮೇಲೆ ಕುಳಿತಿತ್ತು. ನೆರೆಮನೆಯ ಗೆಳೆಯ ಎದುರಿಗೆ ನಿಂತಿದ್ದ. “ಒಂದನ್ನು ಅವನಿಗೆ ಕೊಡಪ್ಪ” ಎಂದೆವು. ಮಗು ಕೊಡಲಿಲ್ಲ. ಮತ್ತೊಮ್ಮೆ ಹೇಳಿದೆವು. ಸ್ವಾಮಿಗಳ ಮಾತು ಬಿದ್ದುಹೋಗಬಾರದೆಂದು ಹಿರಿಯರೊಬ್ಬರು ಮಗುವಿನ ಬೆರಳುಗಳನ್ನು ಬಿಡಿಸಿ ಹೋಳಿಗೆಯನ್ನು ಗೆಳೆಯನ ಕೈಗಿತ್ತರು. ಮಗು ಅತ್ತಿತು, ಗೆಳೆಯ ತಿನ್ನದೆ ಹಿಡಿದು ನಿಂತ. ಒಳ್ಳೆಯ ಪಾಠ ಹೇಳಿದೆವೆಂಬ ಸಮಾಧಾನದಿಂದ ನಾವು ಒಳಗೆ ನಡೆದೆವು. ಪ್ರಸಾದ ಮುಗಿಸಿ ಹೊರಬಂದಾಗ ಆ ಹೋಳಿಗೆ ಜಗಲಿಯ ಮೇಲೆ ಬಿದ್ದಿತ್ತು. ಅದಕ್ಕೆ ಇರುವೆ ಮುತ್ತಿತ್ತು.

ಅಂದು ನಡೆದದ್ದು ಹಂಚಿಕೆಯೆ? ಒಬ್ಬರಿಂದ ಕಸಿದು ಇನ್ನೊಬ್ಬರಿಗೆ ಕೊಟ್ಟರೆ ಅದು ದಾನವಾಗದು. ಕೊಡುವವನ ಮನಸ್ಸು ಜೊತೆಗೆ ಹೋಗದಿದ್ದರೆ ವಸ್ತು ಕೈ ಬದಲಿಸಿತು, ಅಷ್ಟೆ. ಬಲವುಳ್ಳವರು ಬಂದರೆ ಕೈಯಲ್ಲಿರುವುದು ಹೋಗುತ್ತದೆ, ಆದುದರಿಂದ ಬಚ್ಚಿಟ್ಟು ತಿನ್ನಬೇಕು ಎಂಬುದನ್ನು ಬಿಟ್ಟರೆ ಆ ಮಗು ನಮ್ಮಿಂದ ಬೇರೇನನ್ನೂ ಕಲಿಯಲಿಲ್ಲ.

ಮಗುವಿಗೆ ನ್ಯಾಯ ತಿಳಿಯದು, ನಾವು ತಿಳಿಸಬೇಕು ಎಂದು ಹಿರಿಯರು ಭಾವಿಸುವುದುಂಟು. ಇದು ಪೂರ್ತಿ ನಿಜವಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಅಂಟುಚಿತ್ರಗಳನ್ನು ಕೊಟ್ಟು ಪರೀಕ್ಷಿಸಲಾಯಿತು. ಸಮನಾಗಿ ಹಂಚಬೇಕೆಂದು ತೀರ ಚಿಕ್ಕವರೂ ಹೇಳಿದರು; ಆದರೆ ಹಂಚುವ ಹೊತ್ತು ಬಂದಾಗ ತಮಗೇ ಹೆಚ್ಚು ಇಟ್ಟುಕೊಂಡರು. ತಾವು ಹಾಗೆಯೇ ಮಾಡುವೆವೆಂದು ಮೊದಲೇ ಸರಿಯಾಗಿ ಊಹಿಸಿಯೂ ಇದ್ದರು! ಅರಿವಿಗೂ ಆಚರಣೆಗೂ ನಡುವಣ ಈ ಅಂತರವನ್ನು ಕಂಡು ನಾವು ನಗುವಂತಿಲ್ಲ. ಅರವತ್ತು ದಾಟಿದವರಲ್ಲಿಯೂ ಅದು ಮುಚ್ಚಿರುವುದಿಲ್ಲ. ಆದುದರಿಂದ ಮಗುವಿಗೆ ಬೇಕಾದುದು ಉಪದೇಶವಲ್ಲ, ಅಭ್ಯಾಸ.

ಆ ಅಭ್ಯಾಸಕ್ಕೆ ಮೊದಲ ಮೆಟ್ಟಿಲು ಸ್ವಾತಂತ್ರ್ಯ. “ಕೊಡು” ಎನ್ನುವ ಮುನ್ನ “ಇದು ನಿನ್ನದು” ಎನ್ನಬೇಕು. ತನ್ನದಲ್ಲದ್ದನ್ನು ಯಾರೂ ಕೊಡಲಾರರು. “ನಿನ್ನ ಗೆಳೆಯ ನೋಡುತ್ತಿದ್ದಾನೆ, ಏನು ಮಾಡೋಣ?” ಎಂದು ಕೇಳಿ ಸುಮ್ಮನಿರುವ ತಾಳ್ಮೆ ನಮಗಿರಬೇಕು. ಅದೇ 2013ರ ಇನ್ನೊಂದು ಅಧ್ಯಯನವೂ ಇದನ್ನೇ ಸೂಚಿಸುತ್ತದೆ: ತನಗೇ ಇಟ್ಟುಕೊಳ್ಳುವ ಅವಕಾಶವಿದ್ದೂ ತಾನಾಗಿ ಕೊಟ್ಟ ಮಕ್ಕಳು ಮುಂದಿನ ಸಂದರ್ಭದಲ್ಲಿ ಹೆಚ್ಚು ಉದಾರವಾಗಿ ಕೊಟ್ಟರು, ಕೊಡಲೇಬೇಕೆಂದು ಹೇಳಿಸಿಕೊಂಡವರಲ್ಲಿ ಆ ಔದಾರ್ಯ ಅಷ್ಟು ಕಾಣಲಿಲ್ಲ.

ಎರಡನೆಯದು ಕೂಡಿ ದುಡಿಯುವುದು. ಇಬ್ಬರು ಮಕ್ಕಳು ಒಟ್ಟಾಗಿ ಪ್ರಯತ್ನಿಸಿ ಗಳಿಸಿದ್ದನ್ನು ಮೂರು ವರ್ಷದವರು ಕೂಡ ಸಮನಾಗಿ ಹಂಚಿಕೊಳ್ಳುವ ಒಲವು ತೋರುತ್ತಾರೆಂದು 2011ರ ಒಂದು ಪ್ರಯೋಗದಲ್ಲಿ ಕಂಡುಬಂದಿತು. ನಮ್ಮ ಮನೆಗಳಲ್ಲಿ ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಅವರೆಕಾಯಿ ಸುಲಿಯಲು, ಎಳ್ಳುಂಡೆ ಕಟ್ಟಲು ಎರಡು ಪುಟ್ಟ ಜೋಡಿ ಕೈಗಳನ್ನು ಕೂಡಿಸಿದರೆ ಸಾಕು. ಕಾಯಕದ ಬೆನ್ನಿಗೇ ದಾಸೋಹವನ್ನು ಹೇಳಿದ ಹಿರಿಯರು ಈ ಮರ್ಮವನ್ನು ಬಲ್ಲವರಾಗಿದ್ದರು. ಒಂದೇ ಹಣ್ಣನ್ನು ಇಬ್ಬರು ತಿನ್ನಬೇಕಾದಾಗ ಒಬ್ಬನು ಹೋಳು ಮಾಡಲಿ, ಮತ್ತೊಬ್ಬನು ಮೊದಲು ಆರಿಸಿಕೊಳ್ಳಲಿ. ಆಗ ಕತ್ತಿ ಹಿಡಿದ ಹಿರಿಯರ ಕೈಯೂ ತಾನಾಗಿ ನಡುವಿನ ಗೆರೆಯನ್ನು ಹುಡುಕುತ್ತದೆ, ಬೆರಳಲ್ಲಿ ಗೆರೆ ತೋರುವ ಮಗುವೂ ಹುಡುಕುತ್ತದೆ.

ಆದರೆ ಸರಿಪಾಲು ಮಾತ್ರವೇ ನ್ಯಾಯವೆ? ಬೆಳಿಗ್ಗೆ ಉಣ್ಣದೆ ಬಂದ ಗೆಳೆಯನಿಗೂ ಹೊಟ್ಟೆ ತುಂಬಿದವನಿಗೂ ಅಳತೆ ಒಂದೇ ಆಗಬೇಕೆ? ಮಕ್ಕಳ ನೈತಿಕ ವಿವೇಚನೆಯನ್ನು ಕುರಿತು 1932ರಲ್ಲಿಯೇ ಗ್ರಂಥ ಬರೆದ ಪಿಯಾಜೆ, ಮಕ್ಕಳು ಮೊದಲು ಕಟ್ಟುನಿಟ್ಟಾದ ಸಮಾನತೆಯನ್ನು ಹಿಡಿದು, ಬೆಳೆದಂತೆ ಒಬ್ಬೊಬ್ಬರ ಸ್ಥಿತಿಯನ್ನೂ ಎಣಿಕೆಗೆ ತಂದುಕೊಳ್ಳುತ್ತಾರೆಂದು ತೋರಿಸಿದ. ಹಸಿವನ್ನು ಕಾಣುವ ಕಣ್ಣು ಗಣಿತದ ನಂತರ ತೆರೆಯುತ್ತದೆ. ಅವಸರ ಸಲ್ಲದು.

ಇನ್ನು ಉಳಿದದ್ದು ನಮ್ಮ ನಡತೆ. ಮಗು ಡಬ್ಬಿ ತೆರೆದು ಪಕ್ಕದವನಿಗೆ ಕೊಡುವಾಗ ಅವನ ಕುಲವನ್ನು ಕೇಳುವುದಿಲ್ಲ. ಸಂಜೆ ಮನೆಯಲ್ಲಿ “ಅವನ ಡಬ್ಬಿಯಿಂದ ತಿಂದೆಯಾ?” ಎಂದು ಹುಬ್ಬು ಗಂಟಿಕ್ಕುವವರು ಹಿರಿಯರು. ಹಂಚಿ ತಿನ್ನೆಂದು ಹೇಳಿದ ಬಾಯಿಯೇ ಯಾರೊಡನೆ ತಿನ್ನಬಾರದೆಂಬ ಪಟ್ಟಿಯನ್ನೂ ಒಪ್ಪಿಸಿದರೆ ಮಗು ಯಾವುದನ್ನು ನಂಬಬೇಕು? ನಮ್ಮ ರಾಜ್ಯದ ಶಾಲೆಗಳಲ್ಲಿ 2002ರಲ್ಲಿ ಮೊದಲಾದ ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂಬ ಹೆಸರಿದೆ. ಆ ಹೆಸರು ನಮ್ಮ ಮನೆಗಳಿಗೂ ಒಂದು ಎಚ್ಚರಿಕೆ. ಪ್ರಸಾದನಿಲಯದಲ್ಲಿ ಉಂಡು ಓದಿದವರಿಗೆ ನೆನಪಿರಬಹುದು: ಸಾಲಿನ ಕೊನೆಯವನಿಗೆ ಬಡಿಸುವವರೆಗೆ ಮೊದಲನೆಯವನು ತುತ್ತೆತ್ತುತ್ತಿರಲಿಲ್ಲ. ಪಂಕ್ತಿಭೇದ ಪಾಪವೆಂದು ನಮಗೆ ತಿಳಿಸಿದ್ದು ಉಪನ್ಯಾಸವಲ್ಲ, ಆ ಕಾಯುವಿಕೆ.

ಮರುವರ್ಷ ಅದೇ ಮನೆಗೆ ಹೋದೆವು. ಮಗು ಬೆಳೆದಿತ್ತು, ಗೆಳೆಯನೂ ಅಲ್ಲಿದ್ದ. ನಾವು ಮಗುವಿನ ಕೈಗೆ ಎರಡು ಬಾಳೆಹಣ್ಣುಗಳನ್ನಿತ್ತು ಏನನ್ನೂ ಹೇಳದೆ ಕುಳಿತೆವು. ಅದು ನಮ್ಮನ್ನೊಮ್ಮೆ ಸಂಶಯದಿಂದ ನೋಡಿತು, ಒಂದನ್ನು ಪೂರ್ತಿ ತಿಂದಿತು, ಎರಡನೆಯದನ್ನು ಮುರಿದು ಚಿಕ್ಕ ತುಂಡನ್ನು ಗೆಳೆಯನಿಗೆ ಚಾಚಿತು. ಅವನು ಅದನ್ನು ಕೂಡಲೇ ತಿಂದ. ಲೆಕ್ಕದಲ್ಲಿ ಅದು ಸರಿಯಾದ ಪಾಲಾಗಿರಲಿಲ್ಲ. ನಾವು ತಿದ್ದಲಿಲ್ಲ. ಬೆರಳುಗಳು ಈ ಸಲ ತಾವಾಗಿಯೇ ತೆರೆದಿದ್ದವು.