ಮನದ ತಕ್ಕಡಿ ಮತ್ತು ಶರಣರ ಅಳತೆ

ಮನುಷ್ಯನು ಮೊದಲು ವಿಚಾರಮಾಡಿ, ಬಳಿಕ ನಿರ್ಣಯಕ್ಕೆ ಬರುವನೆಂಬುದು ಲೋಕದ ನಂಬುಗೆ. ಸೂಕ್ಷ್ಮವಾಗಿ ನೋಡಿದರೆ ಬಹುಪಾಲು ಸಂದರ್ಭಗಳಲ್ಲಿ ಈ ಕ್ರಮವು ತಿರುವುಮುರುವಾಗಿಯೇ ನಡೆಯುವುದು. ನಿರ್ಣಯವು ಮೊದಲು ಹುಟ್ಟುತ್ತದೆ. ವಿಚಾರವು ಅದರ ಬೆನ್ನುಹಿಡಿದು ಸಾಕ್ಷಿಗಳನ್ನು ಕೂಡಿಸುತ್ತ ಬರುತ್ತದೆ. ಒಲಿದವನ ತಪ್ಪು ಕೈತಪ್ಪೆನಿಸುವುದು, ಒಲ್ಲದವನ ಅದೇ ತಪ್ಪು ಹುಟ್ಟುಗುಣವೆನಿಸುವುದು. ಇಲ್ಲಿ ಸುಳ್ಳಾಡಬೇಕೆಂಬ ಎಣಿಕೆ ಯಾರಿಗೂ ಇಲ್ಲ. ತಕ್ಕಡಿಯನ್ನು ಹಿಡಿದವನು ಪ್ರಾಮಾಣಿಕನೇ ಅಹುದು. ಒಂದು ತಟ್ಟೆಯ ಅಡಿಗೆ ಅಂಟಿಕೊಂಡಿರುವ ಹುಣಿಸೆಹಣ್ಣು ಮಾತ್ರ ಅವನ ಕಣ್ಣಿಗೆ ಬಿದ್ದಿಲ್ಲ. ಮನಸ್ಸಿನ ಈ ಓಲುವಿಕೆಗೆ ಪೂರ್ವಗ್ರಹವೆಂದು ಹೆಸರು.

ಘಾಟಬೋರಾಳ, ಹುಮನಾಬಾದ, ಬಸವಕಲ್ಯಾಣಗಳ ಸುತ್ತಣ ಸೀಮೆಯು ತೊಗರಿ, ಉದ್ದು, ಹೆಸರು, ಜೋಳಗಳನ್ನು ಬೆಳೆಯುವ ನೆಲ. ಇಂತಹ ಸೀಮೆಯ ಒಬ್ಬ ರೈತನಿಗೆ, ಒಂದು ಗೊತ್ತಾದ ದಿನ ಬಿತ್ತಿದರೆ ಬೆಳೆ ಕೈಗೂಡುವುದೆಂಬ ನೆಚ್ಚಿಕೆ ಇದೆಯೆನ್ನೋಣ. ಆ ದಿನ ಬಿತ್ತಿ ರಾಶಿ ಮಾಡಿದ ವರ್ಷಗಳು ಅವನ ನೆನಪಿನಲ್ಲಿ ಹಸಿರಾಗಿರುತ್ತವೆ. ಆ ದಿನವೇ ಬಿತ್ತಿ ಬೆಳೆ ಹೋದ ವರ್ಷವನ್ನು ಕುರಿತು ಕೇಳಿದರೆ, ಬೀಜ ಸರಿಯಿರಲಿಲ್ಲ, ಹುಳು ಬಿತ್ತು ಎಂಬ ಕಾರಣವು ಸಿದ್ಧವಾಗಿರುತ್ತದೆ. ಬೇರೆ ದಿನ ಬಿತ್ತಿಯೂ ಚೆನ್ನಾಗಿ ಬೆಳೆದ ನೆರೆಹೊಲದವನನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಬೇರೆ ದಿನ ಬಿತ್ತಿ ಕೆಟ್ಟವನನ್ನು ಮಾತ್ರ ಮರೆಯದೆ ಹೇಳುತ್ತಾನೆ. ಸತ್ಯವು ತಿಳಿಯಬೇಕಾದರೆ ಈ ನಾಲ್ಕು ಬಗೆಯ ವರ್ಷಗಳನ್ನೂ ಎಣಿಸಬೇಕು. ಮನಸ್ಸು ತನಗೆ ಬೇಕಾದ ಎರಡನ್ನು ಎಣಿಸಿ ಲೆಕ್ಕ ಮುಗಿಯಿತೆನ್ನುತ್ತದೆ.

ಈ ದೋಷವು ಒಂದು ಸೀಮೆಯದಾಗಲಿ ಓದುಬರಹವಿಲ್ಲದವರದಾಗಲಿ ಅಲ್ಲ. ಆಂಗ್ಲ ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್ 1620ರಲ್ಲಿ ಪ್ರಕಟಿಸಿದ ‘ನೋವಮ್ ಆರ್ಗನಮ್’ ಎಂಬ ಗ್ರಂಥದಲ್ಲಿ ಒಂದು ಹಳೆಯ ಕಥೆಯನ್ನು ನೆನೆಯುತ್ತಾನೆ. ಹರಕೆ ಹೊತ್ತು ಹಡಗಿನ ಅಪಾಯದಿಂದ ಪಾರಾದವರ ಚಿತ್ರಗಳನ್ನು ಗುಡಿಯಲ್ಲಿ ಒಬ್ಬನಿಗೆ ತೋರಿಸಿ, ಇನ್ನಾದರೂ ನಂಬುವೆಯಾ ಎಂದು ಕೇಳಿದರಂತೆ. ಹರಕೆ ಹೊತ್ತ ಮೇಲೂ ಮುಳುಗಿಹೋದವರ ಚಿತ್ರಗಳೆಲ್ಲಿ ಎಂದು ಆತನು ತಿರುಗಿ ಕೇಳಿದನಂತೆ. 1960ರಲ್ಲಿ ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞನು ಇದನ್ನೇ ಪ್ರಯೋಗಕ್ಕೆ ಒಡ್ಡಿದನು. 2, 4, 6 ಎಂಬ ಮೂರು ಸಂಖ್ಯೆಗಳು ಒಂದು ನಿಯಮಕ್ಕೆ ಒಳಪಟ್ಟಿವೆ. ಬೇರೆ ಸಂಖ್ಯೆಗಳನ್ನು ಹೇಳಿ ಪರೀಕ್ಷಿಸುತ್ತ ಆ ನಿಯಮವನ್ನು ಕಂಡುಹಿಡಿಯಬೇಕು. ನಿಯಮವು ಬಲು ಸರಳ: ಸಂಖ್ಯೆಗಳು ಏರುತ್ತ ಹೋಗಬೇಕು, ಅಷ್ಟೆ. ಆದರೆ ಬಹುಮಂದಿ, ಎರಡೆರಡಾಗಿ ಏರಬೇಕೆಂದು ಮೊದಲೇ ಬಗೆದು, 8, 10, 12 ಎಂಬಂತಹ ತಮ್ಮ ಊಹೆಗೆ ಒಪ್ಪುವ ಸಂಖ್ಯೆಗಳನ್ನೇ ಹೇಳುತ್ತ ಹೋದರು. ಊಹೆಯನ್ನು ಮುರಿಯಬಲ್ಲ ಸಂಖ್ಯೆಗಳನ್ನು ಹೇಳಿ ನೋಡಲಿಲ್ಲ. ಅದರಲ್ಲಿ ಭಾಗವಹಿಸಿದ 29 ಜನರಲ್ಲಿ ಮೊದಲ ಉತ್ತರವನ್ನೇ ಸರಿಯಾಗಿ ಹೇಳಿದವರು ಕೇವಲ 6 ಮಂದಿ. ಮುಂದೆ 1974ರಲ್ಲಿ ಆಮೋಸ್ ಟ್ವೆರ್‌ಸ್ಕಿ, ಡೇನಿಯಲ್ ಕಾನೆಮನ್ ಎಂಬಿಬ್ಬರು ಇಂತಹ ಓಲುವಿಕೆಗಳನ್ನು ವಿಂಗಡಿಸಿ ಪ್ರಸಿದ್ಧವಾದ ಲೇಖನವನ್ನು ಬರೆದರು. 2002ರಲ್ಲಿ ಕಾನೆಮನ್‌ನಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಸಂದಿತು. ಮನಸ್ಸನ್ನು ಅರಿಯದೆ ಹಣದ ವ್ಯವಹಾರವನ್ನೂ ಅರಿಯಲಾಗದೆಂದು ಪಂಡಿತಲೋಕವು ಒಪ್ಪಿದಂತಾಯಿತು.

ದೋಷಕ್ಕೆ ಹೆಸರಿಟ್ಟ ಮಾತ್ರಕ್ಕೆ ದೋಷವು ಹೋಗುವುದೇ? ಹೋಗದು. ಪೂರ್ವಗ್ರಹದ ಮಾತನ್ನು ಕೇಳಿದ ಕೂಡಲೆ ಕೇಳುಗನಿಗೆ ನೆರೆಯವನ ನೆನಪಾಗುವುದೇ ಹೊರತು ತನ್ನ ನೆನಪಾಗದು. ತನ್ನ ಕಣ್ಣ ಕಪ್ಪನ್ನು ತನ್ನ ಕಣ್ಣೇ ಕಾಣದಷ್ಟೆ. ಆದುದರಿಂದ ಹೊರಗಿನದೊಂದು ಅಳತೆಯೂ ಹೊರಗಿನದೊಂದು ಕಣ್ಣೂ ಬೇಕಾಗುವುವು. ಇವೆರಡನ್ನೂ ಸಂಸಾರದ ನಡುವೆಯೇ ತೋರಿಸಿಕೊಟ್ಟವರು ಆಯ್ದಕ್ಕಿ ಲಕ್ಕಮ್ಮನವರು.

ಶೂನ್ಯಸಂಪಾದನೆಯಲ್ಲಿ ಬರುವ ಆ ಪ್ರಸಂಗವು ಭಕ್ತರಿಗೆ ಪರಿಚಿತವೇ ಆಗಿದೆ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅನುಭಾವಗೋಷ್ಠಿಯಲ್ಲಿ ಮೈಮರೆತ ಅವರನ್ನು ಲಕ್ಕಮ್ಮನವರು ಕಾಯಕಕ್ಕೆ ಎಚ್ಚರಿಸುತ್ತಾರೆ. ಅವಸರದಿಂದ ಹೋದ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರುತ್ತಾರೆ. ಲಕ್ಕಮ್ಮನವರು ಅದನ್ನು ಒಲೆಯ ಮೇಲಿಡಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದರು.

ಇಲ್ಲಿ ಮಾರಯ್ಯನವರನ್ನು ಆಸೆಬುರುಕರೆಂದು ತಿಳಿಯುವುದು ಅನ್ಯಾಯ. ಅವರು ಕದ್ದವರಲ್ಲ, ಬೇಡಿದವರಲ್ಲ. ಬಿದ್ದುದನ್ನು ಆಯ್ದರು, ಅದೂ ಜಂಗಮಕ್ಕಾಗಿ. ಮನಸ್ಸು ಮುಂದಿಡಬಹುದಾದ ಕಾರಣಗಳೆಲ್ಲವೂ ಒಳ್ಳೆಯ ಕಾರಣಗಳೇ. ಅಪಾಯವಿರುವುದು ಅಲ್ಲಿಯೇ. ಕೆಟ್ಟ ಕಾರಣವನ್ನು ಮನಸ್ಸು ತಾನೇ ಸಂಶಯಿಸುತ್ತದೆ. ಒಳ್ಳೆಯ ಕಾರಣವು ತಪಾಸಣೆಯಿಲ್ಲದೆ ಒಳಗೆ ಬರುತ್ತದೆ. ಲಕ್ಕಮ್ಮನವರು ಪತಿಯ ಭಕ್ತಿಯನ್ನು ಅಳೆಯಲು ಹೋಗಲಿಲ್ಲ. ನಿತ್ಯದ ಅಳತೆಯೊಂದು ಮೊದಲೇ ಗೊತ್ತಾಗಿದ್ದಿತು. ಅದನ್ನು ಇಂದಿನ ಅಕ್ಕಿಯ ಪಕ್ಕಕ್ಕಿಟ್ಟರು. ಹೆಚ್ಚಾದುದು ಕಣ್ಣಿಗೆ ಕಂಡಿತು. ಅಳತೆಯನ್ನು ಅಕ್ಕಿ ಬಂದ ಮೇಲೆ ಗೊತ್ತುಮಾಡಿದ್ದರೆ ಅದು ಅಕ್ಕಿಗೆ ತಕ್ಕಂತೆ ಹಿಗ್ಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ಸಾಲ ಕೊಡುವ ಮೊದಲೇ ಇಷ್ಟಕ್ಕಿಂತ ಹೆಚ್ಚು ಕೊಡೆನೆಂದು ಬರೆದಿಡುವ ಗೃಹಸ್ಥನೂ, ನೆಲ ನೋಡಲು ಹೋಗುವ ಮೊದಲೇ ಬೆಲೆಯ ಮಿತಿಯನ್ನು ಮನೆಯವರಿಗೆ ಹೇಳಿ ಹೊರಡುವ ಒಕ್ಕಲಿಗನೂ ಇದೇ ಜಾಣತನವನ್ನು ಬಳಸುವವರು.

ಲಕ್ಕಮ್ಮನವರ ಮಾತು ನಡೆದುದು ಮಾರಯ್ಯನವರು ಅದನ್ನು ನಡೆಯಗೊಟ್ಟುದರಿಂದ. ಮನೆಯಲ್ಲಿ ಎಚ್ಚರಿಸುವವರು ಇದ್ದೂ ಅವರ ಬಾಯಿ ಮುಚ್ಚಿಸುವ ಯಜಮಾನರೇ ಬಹಳ. ಸೊನ್ನಲಿಗೆಯ ಸಿದ್ಧರಾಮರ ಪ್ರಸಂಗವೂ ಇದಕ್ಕೆ ದೃಷ್ಟಾಂತ. ಕೆರೆಗಳನ್ನು ಕಟ್ಟಿಸಿ ಲೋಕೋಪಕಾರ ಮಾಡುತ್ತಿದ್ದ ಆ ಮಹಾಪುರುಷರನ್ನು ಅಲ್ಲಮಪ್ರಭುದೇವರು ಒಡ್ಡನೆಂದು ಕರೆದಾಗ, ಸುತ್ತಲಿದ್ದವರು ಸಿಟ್ಟಿಗೆದ್ದು ಕಲ್ಲು ಬೀಸಿದರೆಂದು ಶೂನ್ಯಸಂಪಾದನೆಯು ಹೇಳುವುದು. ಅವರ ಕಿವಿಗೆ ನಿಂದೆಯೊಂದೇ ಬಿದ್ದಿತು. ಅದರೊಳಗಿನ ಪ್ರಶ್ನೆ ಬೀಳಲಿಲ್ಲ. ಸಿದ್ಧರಾಮರು ಮಾತ್ರ ಪ್ರಶ್ನೆಯನ್ನು ಕೇಳಿಸಿಕೊಂಡರು, ಪ್ರಭುದೇವರೊಡನೆ ಕಲ್ಯಾಣಕ್ಕೆ ನಡೆದರು.

ಆ ಕಲ್ಯಾಣದ ಅನುಭವ ಮಂಟಪದಲ್ಲಿ ಅಕ್ಕಮಹಾದೇವಿಯವರನ್ನೂ ಪ್ರಶ್ನಿಸಿಯೇ ಬರಮಾಡಿಕೊಂಡರು. ಹತ್ತು ಜನ ಸೇರಿದ ಮಾತ್ರಕ್ಕೆ ವಿಚಾರವು ಶುದ್ಧವಾಗದು. ಒಂದೇ ಮನಸ್ಸಿನ ಹತ್ತು ಜನ ಸೇರಿದರೆ ಒಂದು ತಪ್ಪು ಹತ್ತು ತೂಕದ್ದಾಗುವುದು. ಅದೇ ಊರಿನ ಅರಮನೆಯಲ್ಲಿ ನಡೆದುದು ಅಂತಹುದೇ. ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮಧುವರಸರ ಮಗಳನ್ನು ಕೊಟ್ಟು ಮದುವೆಯಾದಾಗ, ಬಿಜ್ಜಳನ ಸುತ್ತಲಿದ್ದವರಿಗೆ ಇಬ್ಬರು ಶರಣರು ಕಾಣಲಿಲ್ಲ, ಎರಡು ಹುಟ್ಟುಗಳು ಕಂಡವು. ಇಬ್ಬರೂ ಲಿಂಗದೀಕ್ಷೆ ಪಡೆದವರೆಂಬ ಸಂಗತಿಯು ಕಣ್ಣೆದುರಿಗೇ ಇದ್ದರೂ ಅದಕ್ಕೆ ತಕ್ಕಡಿಯಲ್ಲಿ ತೂಕ ಬರಲಿಲ್ಲ. ಹರಳಯ್ಯ ಮಧುವರಸರು ಎಳೆಹೂಟೆಯ ಶಿಕ್ಷೆಗೆ ಗುರಿಯಾದರೆಂದೂ ಕಲ್ಯಾಣವು ಹೊತ್ತಿ ಉರಿಯಿತೆಂದೂ ಪರಂಪರೆಯು ಸಾರುತ್ತದೆ. 1167ರ ಸುಮಾರಿಗೆ ಬಿಜ್ಜಳನ ಆಳಿಕೆಯೂ ಮುಗಿಯಿತು.

ಆ ಕಥೆಯನ್ನು ಪುರಾಣದಲ್ಲಿ ಕೇಳಿ ಕಣ್ಣೀರಿಡುವ ಮನೆಗಳಲ್ಲಿಯೇ ಮಗಳಿಗೆ ವರನನ್ನು ನೋಡುವಾಗ ಮೊದಲು ಬರುವ ಪ್ರಶ್ನೆ ಒಳಪಂಗಡದ್ದು. ಆ ಪ್ರಶ್ನೆಗೆ ಉತ್ತರ ಬಂದೊಡನೆ ಉಳಿದ ಗುಣಗಳೆಲ್ಲ ಅದಕ್ಕೆ ತಕ್ಕ ಬಣ್ಣ ತಳೆಯುತ್ತವೆ. ತಮ್ಮವನಾದರೆ ಅವನ ಮೌನವು ಗಾಂಭೀರ್ಯ, ಹೊರಗಿನವನಾದರೆ ಗರ್ವ. ತಮ್ಮವನ ಸಾಲವು ಧೈರ್ಯ, ಪರರವನದು ದುಂದು. ಇಂತಹ ಮನೆಯವರು ಪ್ರಶ್ನೆಗಳ ಕ್ರಮವನ್ನಾದರೂ ಬದಲಿಸಿ ನೋಡಬಹುದು. ಹುಡುಗನ ಕಾಯಕ, ನಡತೆ, ಆರೋಗ್ಯ, ಮಾತಿನ ಸತ್ಯ, ಕುಡಿತದಂತಹ ಚಟ ಉಂಟೋ ಇಲ್ಲವೋ ಎಂಬುದು, ಇವನ್ನು ಮೊದಲು ವಿಚಾರಿಸಿ, ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡುವುದು. ಮಗಳ ಮಾತನ್ನೂ ಅದರಲ್ಲಿಯೇ ಬರೆಯುವುದು. ಒಳಪಂಗಡವನ್ನು ಕೇಳಲೇಬೇಕೆಂಬ ಹಿರಿಯರಿದ್ದರೆ ಅದನ್ನು ಕಡೆಗೆ ಕೇಳಲಿ. ಅದನ್ನು ಕೇಳಿದ ಮೇಲೆ ಚೀಟಿಯ ಮಾತು ಬದಲಾದರೆ, ಬದಲಾಯಿಸಿದುದು ಯಾವುದೆಂಬುದು ಮನೆಮಂದಿಗೆಲ್ಲ ಎದುರಿಗೇ ಕಾಣುವುದು.