ಹಣ್ಣು ಹುಳ ಮೊದಲು

ಕೆಲವು ತಿಂಗಳ ಹಿಂದೆ ನಮ್ಮ ಕಡೆಯ ಒಂದು ಸಭೆಯಲ್ಲಿ ಕೂತಿದ್ದೆ. ಮಾತಾಡಿದವರು ಐದು ಜನ. ಒಬ್ಬರು ಕುಡಿಯುವ ನೀರಿಗೆ ಮೊದಲ ಆದ್ಯತೆ ಅಂದರು. ಇನ್ನೊಬ್ಬರು ರಸ್ತೆಗೆ, ಮತ್ತೊಬ್ಬರು ಶಾಲೆಗೆ. ಆರೋಗ್ಯಕ್ಕಂತೂ ಮೊದಲಿಂದಲೂ ಮೊದಲ ಆದ್ಯತೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಎಲೆಅಡಿಕೆ ಬಾಯಲ್ಲೇ ನನ್ನ ಕಡೆ ವಾಲಿ, "ಎರಡನೇದು ಯಾವುದಪ್ಪ?" ಅಂದರು.

ಅವರು ತಮಾಷೆಗೆ ಕೇಳಿದ್ದು. ಆದರೆ ಆದ್ಯತೆ ಎಂಬ ಪದಕ್ಕೆ ಹಾಕಬಹುದಾದ ಸರಿಯಾದ ಪರೀಕ್ಷೆ ಅದೇ. ನಮ್ಮ ಸಾರ್ವಜನಿಕ ಮಾತಿನಲ್ಲಿ ಆದ್ಯತೆ ಅಂದರೆ ಮಹತ್ವ, ಒಲವು, ಕಾಳಜಿ, ಇನ್ನೂ ಕೆಳಗಿಳಿದರೆ ಸಮಾಧಾನದ ಮಾತು. ಅರ್ಜಿಯ ಮೂಲೆಯಲ್ಲಿ "ಆದ್ಯತೆ ಮೇರೆಗೆ ಪರಿಶೀಲಿಸಿ" ಅಂತ ಹಸಿರು ಶಾಯಿಯಲ್ಲಿ ಬರೆದರೆ, ಆ ಅರ್ಜಿ ಅದೇ ಬರಹ ಹೊತ್ತ ಇನ್ನೂರು ಅರ್ಜಿಗಳ ಜೊತೆ ಮಲಗುತ್ತದೆ. ಪಡಿತರ ಚೀಟಿಯಲ್ಲೂ ಆದ್ಯತಾ ಕುಟುಂಬ ಅಂತಿದೆ. 2013ರ ಆಹಾರ ಭದ್ರತಾ ಕಾಯ್ದೆಯಿಂದ ಬಂದ ಹೆಸರು. ಅಲ್ಲಿ ಆ ಪದಕ್ಕೆ ಹಕ್ಕು, ಅರ್ಹತೆ ಅನ್ನುವ ಅರ್ಥ. ತಪ್ಪೇನಿಲ್ಲ, ಆದರೆ ಅದು ಬೇರೆ ಮಾತು.

ಈ ಪದವನ್ನು ಪ್ರಾಮಾಣಿಕವಾಗಿ ಬಳಸಲೇಬೇಕಾದವರು ಯಾರಾದರೂ ಇದ್ದರೆ ಅದು ವಾರ್ಡಿನಲ್ಲಿ ನಿಂತ ನರ್ಸ್. ಸರ್ಕಾರ ಈಗ ಅವರನ್ನು ಶುಶ್ರೂಷಾಧಿಕಾರಿ ಅನ್ನುತ್ತದೆ. ನಮ್ಮ ಜನಕ್ಕೆ ಅವರು ಇವತ್ತಿಗೂ ಸಿಸ್ಟರೇ. ಇರುವುದು ಎರಡು ಕೈ, ಕರೆಯುವವರು ಎಂಟು ಜನ. ಹಾಗಾಗಿ ಅವರಿಗೆ ಎರಡನೆಯದು, ಮೂರನೆಯದು, ನಾಲ್ಕನೆಯದು ಯಾವುದು ಅಂತ ಗೊತ್ತಿರಲೇಬೇಕು.

ಅವರು ಮೊದಲನೆಯದನ್ನು ಆರಿಸುವುದು ಹೇಗೆ? ಇದಕ್ಕೆ ಪುಸ್ತಕದ ಉತ್ತರಕ್ಕಿಂತ ರಾಮನಗರದ ಕಡೆಯ ಕೈಲಾಂಚದ ರೇಷ್ಮೆ ಹುಳದ ಮನೆಯ ಉತ್ತರ ನನಗೆ ಹೆಚ್ಚು ಸರಿ ಕಾಣುತ್ತದೆ.

ರೇಷ್ಮೆ ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮವರು ಅದನ್ನು ಜ್ವರ ಅನ್ನುತ್ತಾರೆ. ಹುಳ ಜ್ವರಕ್ಕೆ ಕೂತಿತು, ಜ್ವರದಿಂದ ಎದ್ದಿತು. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು, ಎದ್ದ ಹುಳವನ್ನು ಕಾಯಿಸಬಾರದು. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಮನೆಯವರಿಗೆ ಹಗಲು ರಾತ್ರಿ ಒಂದೇ. ಆಮೇಲೆ ಒಂದು ದಿನ ಕೆಲವು ಹುಳ ಸೊಪ್ಪು ಬಿಟ್ಟು, ಮೈ ಪಾರದರ್ಶಕವಾಗಿ ಹಳದಿ ತಿರುಗಿ, ತಲೆ ಎತ್ತಿ ಆಚೀಚೆ ಆಡಿಸುತ್ತವೆ. ಅದೇ ಹಣ್ಣು ಹುಳ. ಮನೆಯ ಹೆಂಗಸರು ತಟ್ಟೆಯ ಮೇಲೆ ಬಗ್ಗಿ ಸಾವಿರಾರು ಹುಳಗಳ ನಡುವೆ ಅವನ್ನಷ್ಟೇ ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಾರೆ. ಈಗ ಕೆಲವರು ಪ್ಲಾಸ್ಟಿಕ್ ನೇತ್ರಿಕೆಗೆ. ತಡ ಮಾಡಿದರೆ ಹುಳ ಸೊಪ್ಪಿನ ಮೇಲೇ ನೂಲು ಸುರಿಸಿಕೊಂಡು ಹಾಳಾಗುತ್ತದೆ. ಪಕ್ಕದ ಹುಳ ಇದಕ್ಕಿಂತ ದಪ್ಪಗಿರಬಹುದು, ನಾಳೆ ಇದಕ್ಕಿಂತ ಒಳ್ಳೆಯ ಗೂಡು ಕಟ್ಟಬಹುದು. ಆದರೆ ಅದು ನಾಳೆಯವರೆಗೆ ಕಾಯಬಲ್ಲದು, ಇದು ಕಾಯಲಾರದು. ಕೈ ಮೊದಲು ಇದರ ಕಡೆ ಹೋಗುವುದಕ್ಕೆ ಇಷ್ಟೇ ಕಾರಣ.

ಆರು ದಿನ ಕಳೆದು ಅದೇ ಮನೆಯ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿ ನಡೆಯುವುದೂ ಆಯ್ಕೆಯೇ. ಜಲ್ಲಿ ಗೂಡು, ಕಲೆ ಬಿದ್ದ ಗೂಡು, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು ಎಲ್ಲ ಬೇರೆ. ರೀಲರ್ ಬಂದು ಲಾಟಿಗೆ ಕೈ ಹಾಕಿ, ಒಂದು ಹಿಡಿ ಎತ್ತಿ, ಹಿಸುಕಿ ನೋಡಿ, ಬೆಲೆ ಕಟ್ಟುತ್ತಾನೆ. ಈ ಆಯ್ಕೆ ಯೋಗ್ಯತೆಯದು. ಯಾವುದು ಮೇಲು, ಯಾವುದು ಕೀಳು ಅನ್ನುವುದಷ್ಟೇ ಇಲ್ಲಿನ ಲೆಕ್ಕ.

ಮನೆಯಲ್ಲಿ ಹುಳ ಆಯುವುದು, ಮಾರುಕಟ್ಟೆಯಲ್ಲಿ ಗೂಡು ಆಯುವುದು ಎರಡನ್ನೂ ನಾವು ಒಂದೇ ಕ್ರಿಯಾಪದದಲ್ಲಿ ಹೇಳುತ್ತೇವೆ. ಯಾವ ರೋಗಿ ಮೊದಲು ಅನ್ನುವುದಕ್ಕೆ ಆಸ್ಪತ್ರೆಯವರು ಬಳಸುವ ಟ್ರಯಾಜ್ ಎಂಬ ಪದದಲ್ಲೂ ಇದೇ ಗೊಂದಲವಿದೆ. ಅದು ವಿಂಗಡಿಸು ಅನ್ನುವ ಫ್ರೆಂಚ್ ಮಾತಿನಿಂದ ಬಂದದ್ದು, ಮನುಷ್ಯರಿಗಿಂತ ಮೊದಲು ಉಣ್ಣೆಗೆ, ಕಾಫಿ ಬೀಜಕ್ಕೆ ಬಳಕೆಯಾದದ್ದು. ಅಂದರೆ ಪದ ಹುಟ್ಟಿದ್ದು ಮಾರುಕಟ್ಟೆಯಲ್ಲಿ. ನರ್ಸ್ ಮಾಡುವ ಕೆಲಸ ಹುಳದ ಮನೆಯದು.

ಒಂದು ಬೆಳಗಿನ ಜಾವ ಅಂತಿಟ್ಟುಕೊಳ್ಳಿ. ಐದು ಗಂಟೆ. ನಮ್ಮ ಸೀಮೆಯ ಯಾವುದೋ ಒಂದು ಆಸ್ಪತ್ರೆ. ರಾತ್ರಿ ಪಾಳಿ ಮುಗಿಯಲು ಇನ್ನೂ ಮೂರು ಗಂಟೆ ಇದೆ, ಸಿಸ್ಟರ್ ಒಬ್ಬರೇ. ಹತ್ತು ನಿಮಿಷದೊಳಗೆ ನಾಲ್ಕು ಜನ ಬರುತ್ತಾರೆ. ಒಬ್ಬನಿಗೆ ಕಿಡ್ನಿ ಕಲ್ಲಿನ ನೋವು, ಆಸ್ಪತ್ರೆ ಅದುರುವ ಹಾಗೆ ಕೂಗುತ್ತಿದ್ದಾನೆ. ಇನ್ನೊಬ್ಬ ಸೊಪ್ಪು ಕೊಯ್ಯುವಾಗ ಕುಡುಗೋಲಿನಿಂದ ಅಂಗೈ ಕುಯ್ದುಕೊಂಡಿದ್ದಾನೆ, ಸುತ್ತಿದ ಟವಲ್ ಕೆಂಪಾಗಿದೆ. ಮೂರನೆಯವನಿಗೆ ಎರಡು ದಿನದ ಜ್ವರ. ಅವನ ಜೊತೆಗೊಂದು ಫೋನ್ ಬಂದಿದೆ, ಆ ಕಡೆ ಮಾತಾಡುವವರು ಯಾರೋ ದೊಡ್ಡವರು. ನಾಲ್ಕನೆಯವಳು ಹನ್ನೆರಡು ವರ್ಷದ ಹುಡುಗಿ, ಅಜ್ಜಿಯ ಭುಜಕ್ಕೆ ಒರಗಿ ಬೆಂಚಿನ ಮೇಲೆ ಕೂತಿದ್ದಾಳೆ. "ಹೊಟ್ಟೆನೋವು ಅಂತವಳೆ. ರಾತ್ರಿ ಏನು ತಿಂದ್ಲೋ. ನಿದ್ದೆ ಬೇರೆ ಆಗಿಲ್ಲ, ಕಣ್ಣೇ ಬಿಡ್ತಿಲ್ಲ."

ಸಿಸ್ಟರ್ ನಾಲ್ವರನ್ನೂ ದಾಟಿ ಹೋಗುತ್ತಾರೆ. ಆ ದಾಟುವಿಕೆಯಲ್ಲೇ ಅರ್ಧ ಕೆಲಸ ಆಗಿರುತ್ತದೆ. ಕುಯ್ದುಕೊಂಡವನ ಕೈಯನ್ನು ಮೇಲೆತ್ತಿಸಿ, "ಗಟ್ಟಿಯಾಗಿ ಒತ್ತಿ ಹಿಡ್ಕೊಳ್ಳಿ, ಬಿಡಬೇಡಿ" ಅನ್ನುತ್ತಾರೆ. ಹತ್ತು ಸೆಕೆಂಡಿನ ಕೆಲಸ, ಅರ್ಧ ಗಂಟೆ ಸಮಯ ಕೊಂಡುಕೊಂಡ ಹಾಗೆ. ಕೂಗುವವನ ಕಡೆ ನೋಡಿ "ಬರ್ತೀನಿ" ಅನ್ನುತ್ತಾರೆ. ಹುಡುಗಿಯ ಮುಂದೆ ನಿಲ್ಲುತ್ತಾರೆ.

"ರಾತ್ರಿ ಎಲ್ಲಿ ಮಲಗಿದ್ದೆ ಮಗಾ?"

"ಜಗಲೀಲಿ. ಒಳಗೆಲ್ಲ ಚಂದ್ರಿಕೆ ಇಟ್ಟವ್ರೆ."

"ಚಾಪೆ ಮೇಲಾ, ಮಂಚದ ಮೇಲಾ?"

"ಚಾಪೆ."

"ಮೇಲೆ ಫ್ಯಾನ್ ನೋಡು. ನೋಡ್ತಾನೇ ಇರು." ಹುಡುಗಿ ನೋಡುತ್ತಾಳೆ. ಎರಡೂ ರೆಪ್ಪೆ ಪರದೆ ಬಿಟ್ಟ ಹಾಗೆ ಮೆಲ್ಲಗೆ ಇಳಿಯುತ್ತವೆ. "ಒಂದೇ ಉಸಿರಲ್ಲಿ ಎಷ್ಟಾಗುತ್ತೋ ಅಷ್ಟು ಎಣಿಸು." ಹದಿನೆಂಟಕ್ಕೆ ನಿಲ್ಲುತ್ತದೆ. ಮಲಗಿಸಿ "ತಲೆ ಮಾತ್ರ ಎತ್ತು" ಅಂದರೆ ಕತ್ತು ಏಳುವುದಿಲ್ಲ.

ಅಷ್ಟೊತ್ತಿಗೆ ಸಿಸ್ಟರ್ ಡಾಕ್ಟರಿಗೆ ಫೋನ್ ಮಾಡಿ ಆಗಿದೆ. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಹೊತ್ತು ಕಚ್ಚುತ್ತದೆ. ಎಷ್ಟೋ ಸಲ ನೋವಿರುವುದಿಲ್ಲ, ಊತ ಇರುವುದಿಲ್ಲ, ಹಲ್ಲಿನ ಗುರುತೂ ಸಿಗುವುದಿಲ್ಲ. ಹೊಟ್ಟೆನೋವು, ಇಳಿಬಿದ್ದ ರೆಪ್ಪೆ, ಆಮೇಲೆ ನುಂಗಲಾಗದ ಗಂಟಲು, ಕೊನೆಗೆ ಏಳದ ಎದೆ. ಕೊಳಕು ಮಂಡಲ ಕಚ್ಚಿದವನು ಕಾಲು ಊದಿ, ಕೂಗಿ ಹೇಳುತ್ತಾನೆ. ಕಟ್ಟುಹಾವು ಕಚ್ಚಿದವರು ಸುಮ್ಮನಾಗುತ್ತಾರೆ. ಈ ಹುಡುಗಿಗೆ ಬೇಕಾದದ್ದು ವಿಷನಿರೋಧಕ ಮದ್ದು, ಅದರ ಜೊತೆಗೆ ಉಸಿರು ನಿಂತರೆ ನಡೆಸಬಲ್ಲ ಯಂತ್ರ. ಯಂತ್ರ ಇಲ್ಲದ ಕಡೆ 108, ಜೊತೆಗೆ ದಾರಿಯುದ್ದಕ್ಕೂ ಕೈಯಲ್ಲಿ ಗಾಳಿ ಒತ್ತುವ ಒಬ್ಬರು. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ಆದರೆ ವರದಿ ಆಗಬೇಕಾದರೆ ಮೊದಲು ಯಾರಾದರೂ ಆ ಬೆಂಚಿನ ಮುಂದೆ ನಿಂತು "ಎಲ್ಲಿ ಮಲಗಿದ್ದೆ" ಅಂತ ಕೇಳಬೇಕು.

ಈ ಉದಾಹರಣೆಯನ್ನು ಇಷ್ಟು ಎಳೆದದ್ದಕ್ಕೆ ಕಾರಣವಿದೆ. ಕೂಗುವವನ ನೋವು ಸುಳ್ಳಲ್ಲ, ಕಲ್ಲಿನ ನೋವು ತಿಂದವರಿಗೇ ಗೊತ್ತು. ಆದರೆ ಕೂಗಬೇಕಾದರೆ ಗಾಳಿ ಬೇಕು. ಅವನ ಗಂಟಲು ತೆರೆದಿದೆ, ಶ್ವಾಸಕೋಶ ತುಂಬುತ್ತಿದೆ, ಮೆದುಳಿಗೆ ರಕ್ತ ಹೋಗುತ್ತಿದೆ ಅನ್ನುವುದನ್ನು ಅವನೇ ಸಾರಿ ಹೇಳುತ್ತಿದ್ದಾನೆ. ಉಸಿರಿನ ದಾರಿ, ಉಸಿರು, ರಕ್ತದ ಓಟ ಅಂತ ನರ್ಸಿಂಗ್ ಮಕ್ಕಳು ಮೊದಲ ವರ್ಷವೇ ಬಾಯಿಪಾಠ ಮಾಡುವ ಕ್ರಮವೂ ಕಾಯುವ ಶಕ್ತಿಯ ಕ್ರಮವೇ. ಗಾಳಿ ಇಲ್ಲದೆ ಮನುಷ್ಯ ಕೆಲವೇ ನಿಮಿಷ ಕಾಯಬಲ್ಲ, ನೀರಿಲ್ಲದೆ ಕೆಲವು ದಿನ, ಸಾಂತ್ವನದ ಮಾತಿಲ್ಲದೆ ಎಷ್ಟೋ ವರ್ಷ. ಇದರಿಂದ ಸಾಂತ್ವನ ಕಡಿಮೆ ದರ್ಜೆಯದು ಅಂತ ಆಗುವುದಿಲ್ಲ.

ಹಾಗೆ ಆಗುತ್ತದೆ ಅಂದುಕೊಂಡವರ ಮೇಲೆ ನನಗೆ ಸಿಟ್ಟಿದೆ. ಅವರ ಗುರು ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮ್ಯಾಸ್ಲೋ. 1943ರ ಒಂದು ಲೇಖನದಲ್ಲಿ ಮನುಷ್ಯನ ಬೇಡಿಕೆಗಳನ್ನು ಆತ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ. ಕೆಳಗೆ ಅನ್ನ, ನೀರು, ಗಾಳಿ. ಅದರ ಮೇಲೆ ಭದ್ರತೆ, ಅದರ ಮೇಲೆ ಪ್ರೀತಿ, ಆಮೇಲೆ ಮರ್ಯಾದೆ, ತುದಿಯಲ್ಲಿ ಆತ್ಮಸಾಕ್ಷಾತ್ಕಾರದಂಥ ಒಂದು. ಜನರನ್ನು ಯಾವುದು ಓಡಿಸುತ್ತದೆ ಅನ್ನುವ ಬಗ್ಗೆ ಬರೆದದ್ದನ್ನು ನರ್ಸಿಂಗ್ ಪಠ್ಯಗಳು ಯಾರ ಯಾವ ಬೇಡಿಕೆಗೆ ಮೊದಲು ಓಗೊಡಬೇಕು ಅನ್ನುವ ಪಟ್ಟಿ ಮಾಡಿಕೊಂಡವು. ಈ ಮೆಟ್ಟಿಲುಗಳನ್ನು ತೋರಿಸುವ ಆ ಪ್ರಸಿದ್ಧ ತ್ರಿಕೋನ ಮ್ಯಾಸ್ಲೋ ಬರೆದದ್ದಲ್ಲ, ಆಮೇಲೆ ಬೇರೆಯವರು ಬರೆದದ್ದು. ತನ್ನ ಕ್ರಮ ಅಷ್ಟೇನೂ ಬಿಗಿಯಲ್ಲ ಅಂತಲೂ ಆತನೇ ಹೇಳಿಕೊಂಡಿದ್ದಾನೆ. ಅಷ್ಟು ಒಪ್ಪಿಕೊಳ್ಳಬೇಕಾದ್ದೇ. ಆದರೂ ಮನುಷ್ಯನನ್ನು ಅಂತಸ್ತಿನ ಮನೆಯಾಗಿ ನೋಡುವ ಬುದ್ಧಿ ಆತನದೇ.

ವಾರ್ಡಿನಲ್ಲಿ ಆ ಅಂತಸ್ತು ನಿಲ್ಲುವುದಿಲ್ಲ. ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಸಂಜೆಯಿಂದ ನೀರು ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲ ಅನ್ನುತ್ತಾಳೆ. ನಿಜ ಏನೆಂದರೆ ಪರದೆ ಇಲ್ಲದ ಕಡೆ ಬೆಡ್‌ಪ್ಯಾನ್ ಕೇಳಲು ಅವಳಿಗೆ ನಾಚಿಕೆ. ರಾತ್ರಿ ಎರಡಕ್ಕೆ ಯಾರಿಗೂ ಹೇಳದೆ ಗೋಡೆ ಹಿಡಿದು ಹೊರಡುತ್ತಾಳೆ, ಒದ್ದೆ ನೆಲದಲ್ಲಿ ಬೀಳುತ್ತಾಳೆ, ಸೊಂಟದ ಮೂಳೆ ಮುರಿಯುತ್ತದೆ. ತ್ರಿಕೋನದ ಪ್ರಕಾರ ಮರ್ಯಾದೆ ನಾಲ್ಕನೇ ಮಹಡಿ, ನೀರು ನೆಲಮಾಳಿಗೆ. ಆದರೆ ನೆಲಮಾಳಿಗೆ ಕುಸಿದದ್ದು ನಾಲ್ಕನೇ ಮಹಡಿಯಿಂದ. ಒಳ್ಳೆಯ ಸಿಸ್ಟರ್ ರಾತ್ರಿ ಒಂಬತ್ತಕ್ಕೇ ಆ ಹಾಸಿಗೆ ಹತ್ತಿರ ಹೋಗಿ, ಪರದೆ ಎಳೆದು, ಕೇಳದಿದ್ದರೂ "ಆಗಬೇಕಾ ಅಜ್ಜಿ?" ಅನ್ನುತ್ತಾರೆ. ಆ ಎರಡು ನಿಮಿಷಕ್ಕೆ ಯಾವ ಪಟ್ಟಿಯೂ ಆದ್ಯತೆ ಕೊಟ್ಟಿರುವುದಿಲ್ಲ. 1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ನರ್ಸಿಂಗ್ ಬಗ್ಗೆ ಬರೆದ ಪುಸ್ತಕದಲ್ಲಿ ಸಣ್ಣಪುಟ್ಟ ನಿರ್ವಹಣೆಗೆ ಅಂತಲೇ ಒಂದು ಅಧ್ಯಾಯವಿದೆ. ನೀನು ಇದ್ದಾಗ ಆಗುವ ಕೆಲಸ ನೀನಿಲ್ಲದಾಗಲೂ ಆಗಬೇಕು ಅನ್ನುವುದು ಅದರ ಸಾರ. ಮ್ಯಾಸ್ಲೋನ ತ್ರಿಕೋನಕ್ಕಿಂತ ಅದು ವಾರ್ಡಿಗೆ ಹತ್ತಿರ.

ಕೆಲಸಗಳ ಕ್ರಮಕ್ಕೂ ಇದೇ ಮಾತು. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಮುಖ್ಯ, ಊಟದ ತಟ್ಟೆ ಅಡುಗೆಯವರ ಪಾಲಿಗೆ ಬಿಟ್ಟದ್ದು. ಆದರೂ ತಟ್ಟೆ ಕಣ್ಣಿಗೆ ಬೀಳದೆ ಜಾಣ ಸಿಸ್ಟರ್ ಊಟದ ಇನ್ಸುಲಿನ್ ಚುಚ್ಚುವುದಿಲ್ಲ. ಚುಚ್ಚಿಯಾದ ಮೇಲೆ ಊಟ ಒಂದು ಗಂಟೆ ತಡವಾದರೆ ಸಕ್ಕರೆ ಕುಸಿದು ರೋಗಿ ಬೆವರಿ ನಡುಗುತ್ತಾನೆ.

ಇಷ್ಟಾದ ಮೇಲೆ ಫೋನ್ ಜೊತೆ ಬಂದ ಜ್ವರದವನ ಮಾತು. ದೊಡ್ಡವರ ಫೋನ್ ಬಂದ ಕೂಡಲೇ ಹುಳದ ಮನೆ ಗೂಡಿನ ಮಾರುಕಟ್ಟೆಯಾಗುತ್ತದೆ. ಯಾರು ಕಾಯಲಾರರು ಅನ್ನುವ ಪ್ರಶ್ನೆ ಹೋಗಿ ಯಾರ ಬೆಲೆ ಎಷ್ಟು ಅನ್ನುವುದು ಬರುತ್ತದೆ. ನೆಪೋಲಿಯನ್ ಸೈನ್ಯದ ಶಸ್ತ್ರವೈದ್ಯ ಲಾರೆ ಗಾಯಾಳುಗಳನ್ನು ಪದವಿ ನೋಡದೆ ಗಾಯ ನೋಡಿ ಎತ್ತಿಕೊಳ್ಳಬೇಕು ಅಂದ. ಇನ್ನೂರು ವರ್ಷ ಕಳೆದರೂ ನಮ್ಮಲ್ಲಿ ಪದವಿ ಮೊಬೈಲಿನಲ್ಲಿ ಬರುತ್ತದೆ. ಪ್ರತಿ ಸಲ ಅದನ್ನು ತಡೆದು ನಿಲ್ಲಬೇಕಾದವರು ಆ ಕಟ್ಟಡದಲ್ಲೇ ಕಡಿಮೆ ಅಧಿಕಾರ ಇರುವ ಸಿಸ್ಟರ್. ಈ ಜಗಳದಲ್ಲಿ ನಾನು ಯಾರ ಪಕ್ಷ ಅಂತ ಓದುವವರಿಗೆ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು.

ಆದ್ಯತೆ ಎಂಬ ಪದದ ಇನ್ನೊಂದು ದುರ್ಬಳಕೆ ಇದಕ್ಕಿಂತ ಕೆಟ್ಟದ್ದು. 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಜನ ಸತ್ತರು. ಮೊದಲು ಹೊರಬಿದ್ದ ಲೆಕ್ಕವೇ 24. ಆ ದಿನಗಳಲ್ಲಿ ಟಿವಿ ಚರ್ಚೆಗಳಲ್ಲಿ ಯಾರಿಗೆ ಆದ್ಯತೆ, ವಯಸ್ಸಾದವರಿಗೋ ಚಿಕ್ಕವರಿಗೋ ಅಂತ ತತ್ತ್ವಶಾಸ್ತ್ರ ನಡೆಯಿತು. ನನಗೆ ಅದು ಅಸಹ್ಯ ಹುಟ್ಟಿಸಿತ್ತು. ಆದ್ಯತೆ ಅನ್ನುವ ಮಾತಿನ ಒಳಗೆ ಎರಡನೆಯವನಿಗೆ ಕೊಟ್ಟ ಭಾಷೆಯೊಂದಿದೆ. ನೀನು ಕಾಯಬಲ್ಲೆ, ಅದಕ್ಕೇ ಕಾಯಿಸುತ್ತಿದ್ದೇನೆ, ನಿನ್ನ ಸರದಿ ಬರುತ್ತದೆ ಅನ್ನುವ ಭಾಷೆ. ಸಿಲಿಂಡರ್ ಖಾಲಿಯಾದ ರಾತ್ರಿ ಎರಡನೆಯವನ ಸರದಿಯೇ ಇರಲಿಲ್ಲ. ಅಲ್ಲಿ ನಡೆದದ್ದಕ್ಕೆ ಕೊರತೆ ಅನ್ನಬೇಕು. ಆ ಕೊರತೆ ಹುಟ್ಟಿದ್ದು ವಾರ್ಡಿನಲ್ಲಲ್ಲ, ತಿಂಗಳುಗಳ ಹಿಂದೆ ಬೇರೆ ಕೋಣೆಗಳಲ್ಲಿ. ಐದು ರೋಗಿಗೆ ಒಬ್ಬ ನರ್ಸ್ ಇರಬೇಕಾದ ಕಡೆ ಮೂವತ್ತಕ್ಕೆ ಒಬ್ಬರನ್ನು ನಿಲ್ಲಿಸಿ, ಆದ್ಯತೆ ಕಲಿಸುವ ತರಬೇತಿ ಕೊಡುವುದೂ ಇದೇ ಜಾತಿಯದು.

ನಾನೂ ಒಮ್ಮೆ ಕೂಗಿದ್ದೇನೆ. ಅಮ್ಮನನ್ನು ಒಂದು ಆಸ್ಪತ್ರೆಗೆ ಸೇರಿಸಿದ್ದ ರಾತ್ರಿ, ಡ್ರಿಪ್ ಮುಗಿದು ಕೊಳವೆಯಲ್ಲಿ ರಕ್ತ ಏರಿದ್ದು ಕಂಡು ಗಾಬರಿಯಾಗಿ, ಎರಡು ಸಲ ಕರೆದರೂ ಬಾರದ ಸಿಸ್ಟರ್ ಮೇಲೆ ವಾರ್ಡಿಗೆಲ್ಲ ಕೇಳುವ ಹಾಗೆ ರೇಗಿದೆ. ಅವರು ಮೂಲೆಯ ಹಾಸಿಗೆಯೊಂದರ ಹತ್ತಿರ ನಿಂತಿದ್ದರು. ಏನೂ ಮಾಡುತ್ತಿದ್ದ ಹಾಗೆ ಕಾಣಲಿಲ್ಲ. ಒಬ್ಬ ಮುದುಕರ ಎದೆ ನೋಡುತ್ತ, ಕೈಗಡಿಯಾರ ನೋಡುತ್ತ ನಿಂತಿದ್ದರು, ಅಷ್ಟೇ. ತಲೆಯನ್ನೂ ತಿರುಗಿಸಲಿಲ್ಲ, ಒಂದು ಬೆರಳು ಎತ್ತಿದರು. ಉಸಿರು ಎಣಿಸಲು ಪೂರ್ತಿ ಒಂದು ನಿಮಿಷ ಬೇಕು, ನಡುವೆ ಮಾತಾಡಿದರೆ ಲೆಕ್ಕ ತಪ್ಪುತ್ತದೆ ಅನ್ನುವುದು ನನಗೆ ಆಗ ತಿಳಿದಿರಲಿಲ್ಲ. ಆಮೇಲೆ ಆ ಹಾಸಿಗೆಯ ಸುತ್ತ ಡಾಕ್ಟರ್, ಯಂತ್ರ, ಓಡಾಟ. ಇಪ್ಪತ್ತು ನಿಮಿಷ ಕಳೆದು ಅಮ್ಮನ ಹತ್ತಿರ ಬಂದವರು ಕೊಳವೆ ಬಿಚ್ಚಿ, ಸೂಜಿಯ ಜಾಗ ತೊಳೆದು, ಹೊಸ ಬಾಟಲಿ ತೂಗುಹಾಕಿದರು. ನನ್ನ ಕಡೆ ನೋಡಲೇ ಇಲ್ಲ. ಅಮ್ಮನ ಕಡೆ ಬಗ್ಗಿ, "ಕಾಯಿಸಿಬಿಟ್ಟೆ, ಅಲ್ವಾ?" ಅಂದರು.

ಅಮ್ಮ "ನಂಗೇನಾಗಿತ್ತು, ಆ ಯಜಮಾನರು ಹೆಂಗವ್ರೆ?" ಅಂದಳು.